1955ರ ಫ್ರೆಂಚ್ ಹುಡುಗರ ಕಾಯರ್: ಬಿಳಿ ನಿಲುವಂಗಿಯೋ ಕೆಂಪು ನಿಲುವಂಗಿಯೋ? 24 ಜನಕ್ಕೆ ಬಟ್ಟೆ ಲೆಕ್ಕ ಬೇಕು

ನೇಪಥ್ಯ_ಮೈಸೂರು

ನಮಸ್ಕಾರ. ನಾಟಕವೊಂದರ ಉಡುಪಿನ ಹೊಣೆ ನನ್ನ ಮೇಲಿದೆ. ಕಥೆ ನಡೆಯುವುದು 1955ರಲ್ಲಿ, ಫ್ರಾನ್ಸಿನ ಒಂದು ಹುಡುಗರ ಗಾಯನ ತಂಡದ ಸುತ್ತ. ರಂಗದ ಮೇಲೆ 24 ಹುಡುಗರು ಇರುತ್ತಾರೆ, 8ರಿಂದ 14 ವರ್ಷದವರು. ಮೊದಲ ಅಂಕದ ಕೊನೆಯಲ್ಲಿ ಕ್ರಿಸ್ಮಸ್ ನಡುರಾತ್ರಿಯ ಪೂಜೆಗೆ ಹಾಡುತ್ತಾರೆ. ಎರಡನೇ ಅಂಕದಲ್ಲಿ ಪುರಭವನದಲ್ಲಿ ಸಂಗೀತ ಕಛೇರಿ: ಅರ್ಧ ದೇವರ ಹಾಡು, ಉಳಿದರ್ಧ ಜನಪದ ಹಾಡು. ನಡುವೆ ಉಡುಪು ಬದಲಿಸಲು ನಾಲ್ಕು ನಿಮಿಷ ಮಾತ್ರ ಸಿಗುತ್ತದೆ.

ಚಿತ್ರ ಹುಡುಕಿದರೆ ನಾಲ್ಕು ಥರ ಸಿಗುತ್ತಿವೆ. ಬಿಳಿ ನಿಲುವಂಗಿ, ಎದೆ ಮೇಲೆ ಮರದ ಶಿಲುಬೆ. ಕೆಂಪು ನಿಲುವಂಗಿ, ಮೇಲೆ ಲೇಸಿನ ಬಿಳಿ ಮೇಲಂಗಿ. ಕೊರಳಿಗೆ ದುಂಡನೆಯ ನೆರಿಗೆಪಟ್ಟಿ. ಮತ್ತೆ ನಾವಿಕರ ಉಡುಪು. ನಿರ್ದೇಶಕರಿಗೆ ನೆರಿಗೆಪಟ್ಟಿ ಬಹಳ ಹಿಡಿಸಿದೆ. ಫ್ರಾನ್ಸಿಗೆ ಸೇರಿದ್ದು ಯಾವುದು? ಬಟ್ಟೆ ಯಾವುದು, ಎಷ್ಟು ಮೀಟರ್ ಬೇಕಾಗುತ್ತದೆ? ಶಿಲುಬೆಯ ಅಳತೆ ಏನು? ಬಿಳಿಯ ಒಳಗಿಂದ ಕಡುನೀಲಿ ಚಡ್ಡಿ ಕಾಣದ ಹಾಗೆ ಏನು ಮಾಡಬಹುದು? ಗೊತ್ತಿದ್ದವರು ಹೇಳಿ.

ಹಳೇ_ಫೋಟೋ

ಮೊದಲು ನೆರಿಗೆಪಟ್ಟಿ ತೆಗೆದುಹಾಕಿ. ಅದು ಇಂಗ್ಲೆಂಡಿನ ಕೆಥೆಡ್ರಲ್‌ಗಳ ವಾಡಿಕೆ. ನಾವಿಕರ ಉಡುಪು ಆಸ್ಟ್ರಿಯಾದ ವಿಯೆನ್ನಾ ಹುಡುಗರ ಗಾಯನ ತಂಡದ್ದು. ಆ ತಂಡವನ್ನು 1924ರಲ್ಲಿ ಹೊಸದಾಗಿ ಕಟ್ಟಿದ ಮೇಲೆ ಬಂದದ್ದು. ಅದಕ್ಕೂ ಹಿಂದೆ ಅಲ್ಲಿನ ಹುಡುಗರು ಅರಮನೆಯ ಕೆಡೆಟ್ ಸಮವಸ್ತ್ರ ತೊಡುತ್ತಿದ್ದರು. ಇವೆರಡರಲ್ಲಿ ಯಾವುದನ್ನು ಹಾಕಿದರೂ, ವಿಷಯ ಬಲ್ಲವರು ನೋಡಿದ ಕ್ಷಣ ನಾಟಕ ಬೇರೆ ದೇಶಕ್ಕೆ ಹೋಗಿಬಿಡುತ್ತದೆ.

ಇನ್ನುಳಿದ ಎರಡೂ ಫ್ರಾನ್ಸಿನವೇ, ಆದರೆ ಎರಡು ಬೇರೆ ಬೇರೆ ವಂಶದವು. ಕೆಂಪು ನಿಲುವಂಗಿ, ಬಿಳಿ ಮೇಲಂಗಿ ಕೆಥೆಡ್ರಲ್‌ಗಳಿಗೆ ಸೇರಿದ ಹಳೆಯ ಗಾಯನಶಾಲೆಗಳ ಉಡುಪು. ಇವನ್ನು ಮೆತ್ರೀಸ್ ಅನ್ನುತ್ತಾರೆ. ಕ್ರಾಂತಿಯ ಕಾಲದಲ್ಲಿ ಇವು ಮುಚ್ಚಿದವು, 19ನೇ ಶತಮಾನದಲ್ಲಿ ಹಲವು ಮತ್ತೆ ತೆರೆದವು. 1905ರ ಡಿಸೆಂಬರ್ 9ರ ಕಾನೂನು ಚರ್ಚನ್ನೂ ಸರ್ಕಾರವನ್ನೂ ಬೇರ್ಪಡಿಸಿದ ಮೇಲೆ ಬೊಕ್ಕಸದ ದುಡ್ಡು ನಿಂತು ಅನೇಕ ಶಾಲೆಗಳು ಸೊರಗಿದವು. ಬಲಿಪೀಠದ ಸೇವೆ ಮಾಡುವ ಹುಡುಗರದ್ದೂ ಇದೇ ಕೆಂಪು. ಹಾಗಾಗಿ ಚಿತ್ರದಲ್ಲಿರುವವನು ಗಾಯಕನೋ ಸೇವೆಯ ಹುಡುಗನೋ ಎಂದು ಉಡುಪಿನಿಂದ ಹೇಳಲಾಗದು, ಕೈಯಲ್ಲಿರುವ ವಸ್ತು ನೋಡಬೇಕು.

ಬಿಳಿ ನಿಲುವಂಗಿ ಮತ್ತು ಮರದ ಶಿಲುಬೆ 1907ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ತಂಡದ ಗುರುತು. ಪೆತಿ ಶಾಂತರ್ ಆ ಲಾ ಕ್ರುವಾ ದ ಬುವಾ, ಅಂದರೆ ಮರದ ಶಿಲುಬೆಯ ಪುಟ್ಟ ಗಾಯಕರು. ಪೋಲ್ ಬೆರ್ತಿಯೇ, ಪಿಯೇರ್ ಮಾರ್ತಾಂ ಎಂಬ ತರುಣರು ಶುರು ಮಾಡಿದ್ದು. ಇದರ ಹಿಂದೆ ಒಂದು ಕಾರಣವಿದೆ. 1903ರ ನವೆಂಬರ್ 22ರಂದು ಪೋಪ್ ಹತ್ತನೇ ಪಯಸ್ ಚರ್ಚಿನ ಸಂಗೀತದ ಬಗ್ಗೆ ಹೊರಡಿಸಿದ ಆದೇಶದಲ್ಲಿ ಗ್ರೆಗೊರಿಯನ್ ಗಾಯನವನ್ನು, ಅಂದರೆ ಎಲ್ಲರೂ ಒಂದೇ ಧಾಟಿಯಲ್ಲಿ ಹಾಡುವ ಹಳೆಯ ಲ್ಯಾಟಿನ್ ಪೂಜಾಗಾಯನವನ್ನು, ಮುಂದಕ್ಕೆ ತಂದರು. ಪೂಜೆಯ ಗಾಯಕವೃಂದದಲ್ಲಿ ಎತ್ತರದ ದನಿ ಬೇಕಿದ್ದರೆ ಹುಡುಗರಿಂದ ಹಾಡಿಸಿ ಎಂದರು. ಹಾಡುವವರು ಚರ್ಚಿನ ಉಡುಪು ತೊಟ್ಟಿರುವುದು ಒಳ್ಳೆಯದು ಎಂದೂ ಸೇರಿಸಿದರು. ಹೊಸ ತಂಡಗಳಿಗೆ ಕೆಥೆಡ್ರಲ್ಲಿನ ಹಳೆಯ ಉಡುಪಿನ ಪೆಟ್ಟಿಗೆ ಇರಲಿಲ್ಲ. ಸಾದಾ ಬಿಳಿ ಸಾಕಾಯಿತು. 1924ರಲ್ಲಿ ತಂಡದ ಹೊಣೆ ಹೊತ್ತ ಪಾದ್ರಿ ಫೆರ್ನಾಂ ಮಯ್ಯೇ ಅವರ ಕಾಲದಲ್ಲಿ ಇದು ದೇಶವಿದೇಶ ಸುತ್ತಿ, ಈ ಉಡುಪನ್ನೇ ಅನುಸರಿಸುವ ತಂಡಗಳು ಬಹಳ ಹುಟ್ಟಿಕೊಂಡವು.

ನಿಮ್ಮ ಕಥೆಯಲ್ಲಿ ತಂಡ ಊರೂರು ತಿರುಗಿ ಪುರಭವನದಲ್ಲಿ ಹಾಡುತ್ತದೆ. ಆದ್ದರಿಂದ ಬಿಳಿಯೇ ಸರಿ. ಕಛೇರಿಯ ಮೊದಲರ್ಧಕ್ಕೆ ನಿಲುವಂಗಿ, ಎರಡನೆಯ ಅರ್ಧಕ್ಕೆ ಕಡುನೀಲಿ ಚಡ್ಡಿ, ಬಿಳಿ ಅಂಗಿ, ಮೊಣಕಾಲುದ್ದದ ಸಾಕ್ಸ್. ಕಾರ್ಯಕ್ರಮ ಎರಡು ಭಾಗವಾಗಿ ಒಡೆಯುವುದೂ ಉಡುಪು ಎರಡಾಗುವುದೂ ಒಟ್ಟಿಗೇ ಬಂದದ್ದು.

ಫೋಟೋ ಹುಡುಕುವಾಗ ಒಂದು ಎಚ್ಚರ. ಫ್ರಾನ್ಸಿನಲ್ಲಿ 1950ರ ದಶಕದಿಂದ ಮುಂದಕ್ಕೆ, ಮಕ್ಕಳು ಪರಮಪ್ರಸಾದ ಸ್ವೀಕರಿಸುವ ದೊಡ್ಡ ಹಬ್ಬಕ್ಕೂ ಅವರಿಗೆಲ್ಲ ಒಂದೇ ಥರದ ಬಿಳಿ ನಿಲುವಂಗಿ ಬಂತು; ಬಡವ ಬಲ್ಲಿದ ಭೇದ ಬಟ್ಟೆಯಲ್ಲಿ ಕಾಣಬಾರದು ಎಂಬ ಉದ್ದೇಶದಿಂದ. ಅವರ ಎದೆಯ ಮೇಲೂ ಶಿಲುಬೆ ಇರುತ್ತದೆ. ಕೈಯಲ್ಲಿ ಉದ್ದ ಮೇಣದಬತ್ತಿ ಇದ್ದರೆ, ಪಕ್ಕದಲ್ಲಿ ಮುಸುಕು ಹಾಕಿದ ಹುಡುಗಿಯರಿದ್ದರೆ ಅದು ಗಾಯನ ತಂಡವಲ್ಲ. ನಕಲು ಮಾಡಬೇಡಿ.

ಕತ್ತರಿ_ಟೇಪು

ಬಟ್ಟೆ ಲೆಕ್ಕಕ್ಕೆ ಬರುತ್ತೇನೆ.

ಫ್ರಾನ್ಸಿನಲ್ಲಿ ಮಕ್ಕಳ ಉಡುಪಿಗೆ ವಯಸ್ಸಿನ ಹೆಸರು, ಆದರೆ ಒಳಗಿರುವುದು ಎತ್ತರದ ಲೆಕ್ಕ: 8 ವರ್ಷದ ಸೈಜ್ ಅಂದರೆ 126 ಸೆಂ.ಮೀ., 10 ಅಂದರೆ 138, 12 ಅಂದರೆ 150, 14 ಅಂದರೆ 162. ನೀವು ಹುಡುಗರ ವಯಸ್ಸು ಬರೆದುಕೊಳ್ಳಬೇಡಿ, ಗೋಡೆಗೆ ನಿಲ್ಲಿಸಿ ಎತ್ತರ ಬರೆದುಕೊಳ್ಳಿ. ಹನ್ನೆರಡರ ಹುಡುಗ 138ರ ಪಟ್ಟಿಯಲ್ಲಿ ಬೀಳುವುದು ಮಾಮೂಲು.

ಮುಖ್ಯ ಅಳತೆ ಒಂದೇ. ಕತ್ತಿನ ಹಿಂದಿನ ಉಬ್ಬು ಮೂಳೆಯಿಂದ ನೆಲದವರೆಗೆ, ರಂಗದ ಮೇಲೆ ಹಾಕುವ ಶೂ ಹಾಕಿಸಿಯೇ ತೆಗೆಯಬೇಕು. ಅದರಲ್ಲಿ 8 ಸೆಂ.ಮೀ. ಕಳೆಯಿರಿ. ಎಲ್ಲರ ಅಂಚೂ ನೆಲದಿಂದ ಅದೇ 8 ಸೆಂ.ಮೀ. ಮೇಲಿರಬೇಕು, ಸಾಲು ಚೆಂದ ಕಾಣುವುದು ಇದರಿಂದ. ನೆಲ ತಾಗುವಷ್ಟು ಉದ್ದ ಬಿಟ್ಟರೆ ಮೆಟ್ಟಿಲು ಹಲಗೆ ಹತ್ತುವಾಗ ಹುಡುಗ ತನ್ನ ಅಂಚನ್ನೇ ತುಳಿದು ಮುಂದಿನವನ ಮೇಲೆ ಬೀಳುತ್ತಾನೆ. ಪೂರ್ತಿ ಕಣಕಾಲು ಕಾಣುವಷ್ಟು ಗಿಡ್ಡ ಮಾಡಿದರೆ ಆಸ್ಪತ್ರೆಯ ಗೌನ್ ಆಗುತ್ತದೆ.

138ರ ಹುಡುಗನಿಗೆ ಸಿದ್ಧ ಉದ್ದ 107ರ ಸುಮಾರಿಗೆ ಬರುತ್ತದೆ. ಮುಂದೆ ಒಂದು, ಹಿಂದೆ ಒಂದು ತುಂಡು. ಪ್ರತಿಯೊಂದೂ 100 ಸೆಂ.ಮೀ. ಅಗಲ, ಮೇಲಿಂದ ಕೆಳಗೆ ನೇರ. ಓರೆ ಕತ್ತರಿಸಲು ಹೋಗಬೇಡಿ. ಎದೆಯ ಹತ್ತಿರ 55 ಸಾಕಲ್ಲ, ಉಳಿದ 45 ಸೆಂ.ಮೀ.ಯನ್ನು ಒಂದೊಂದು ತುಂಡಿನಲ್ಲೂ ಆರು ನೆರಿಗೆಗಳು ನುಂಗುತ್ತವೆ: ಎಡಕ್ಕೆ ಮೂರು, ಬಲಕ್ಕೆ ಮೂರು, ಒಂದೊಂದಕ್ಕೆ 7.5 ಸೆಂ.ಮೀ. ನೆರಿಗೆಯನ್ನು ಭುಜದಿಂದ 15 ಸೆಂ.ಮೀ. ಕೆಳಗಿನವರೆಗೆ ಹೊಲಿದು ನಿಲ್ಲಿಸಿ, ಆಮೇಲೆ ಬಿಟ್ಟುಬಿಡಿ. ಅಂಚಿನ ಸುತ್ತಳತೆ 2 ಮೀಟರ್ ಬರುತ್ತದೆ, ಹೆಜ್ಜೆಗೆ ತೊಡಕಿಲ್ಲ. ಇಷ್ಟಾದ ಮೇಲೆ 58 ಇಂಚು ಪನ್ನದ ಬಟ್ಟೆಯಲ್ಲಿ ಪಕ್ಕಕ್ಕೆ ಸುಮಾರು 44 ಸೆಂ.ಮೀ. ಪಟ್ಟಿ ಉಳಿಯುತ್ತದೆ. ತೋಳು ಅದರಲ್ಲೇ ಆಗುತ್ತದೆ: 44 ಅಗಲ, 50 ಉದ್ದ, ಕೆಳಗೆ 5 ಮಡಿಕೆ. ನೇರ ತೋಳು, ಭುಜ ಸ್ವಲ್ಪ ಇಳಿದಿರಲಿ.

ಕೆಳಗಿನ ಅಂಚಿಗೆ 10 ಸೆಂ.ಮೀ. ಮಡಿಕೆ ಕೊಡಿ. ಈ ವಯಸ್ಸಿನ ಹುಡುಗರು ವರ್ಷಕ್ಕೆ ಐದಾರು ಸೆಂ.ಮೀ. ಬೆಳೆಯುತ್ತಾರೆ, ಮರುಪ್ರದರ್ಶನಕ್ಕೆ ಬಿಚ್ಚಿ ಇಳಿಸಬಹುದು. ಮಡಿಕೆಯನ್ನು ಮಷೀನಿನಲ್ಲಿ ಹೊಡೆಯದೆ ಕೈಹೊಲಿಗೆ ಹಾಕಿಸಿ. ಟೆರಿಕಾಟನ್ ಮೇಲೆ ಬಿಸಿ ಇಸ್ತ್ರಿಯಿಂದ ಒತ್ತಿ ಗೆರೆ ಮೂಡಿಸಿದರೆ ಆ ಗೆರೆ ಹೋಗುವುದಿಲ್ಲ. ಬಿಚ್ಚಿದಾಗ ಹಳೆಯ ಅಂಚು ಪಟ್ಟೆಯ ಹಾಗೆ ಉಳಿಯುತ್ತದೆ. ಆವಿ ತೋರಿಸಿ, ಮೆಲ್ಲಗೆ ಒತ್ತಿ.

ಕತ್ತಿನ ಬಾಯಿ 38 ಸೆಂ.ಮೀ., ತಲೆ ಸುತ್ತಳತೆ 52ರಿಂದ 55. ಹಾಗಾಗಿ ಹಿಂದೆ 20 ಸೆಂ.ಮೀ. ಸೀಳು ಬೇಕೇ ಬೇಕು. ವೆಲ್ಕ್ರೋ ಹಾಕಬೇಡಿ, ಪರ್ ಎಂದು ಸದ್ದು ಮಾಡುತ್ತದೆ, ಕೂದಲು ಹಿಡಿಯುತ್ತದೆ. ಮೂರು ಟಿಚ್‌ಗುಂಡಿ ಸಾಕು. ಕತ್ತುಪಟ್ಟಿ 2 ಸೆಂ.ಮೀ. ನಿಂತಿರಲಿ, ಒಳಗಿಡುವ ಗಟ್ಟಿ ಬಟ್ಟೆ (ಬಕ್ರಂ) ತೆಳ್ಳಗಿರಲಿ.

ಬಟ್ಟೆ: 65/35 ಟೆರಿಕಾಟನ್ ಟ್ವಿಲ್ (65 ಪಾಲು ಪಾಲಿಯೆಸ್ಟರ್, 35 ಹತ್ತಿ), ಚದರ ಮೀಟರಿಗೆ 180ರಿಂದ 200 ಗ್ರಾಂ. ಪಾಪ್ಲಿನ್ ತೆಗೆದುಕೊಂಡರೆ ಹಗುರವಾಗಿ ಹಾರಾಡುತ್ತದೆ, ನೆರಿಗೆ ಕೆಳಗೆ ಬೀಳುವುದಿಲ್ಲ. ಲೆಕ್ಕ ಹೀಗೆ: 126ಕ್ಕೆ 2.3 ಮೀಟರ್, 138ಕ್ಕೆ 2.5, 150ಕ್ಕೆ 2.75, 162ಕ್ಕೆ 3. ನಿಮ್ಮ 24ರಲ್ಲಿ 6, 8, 7, 3 ಎಂದು ಹಂಚಿಕೊಂಡರೆ 62 ಮೀಟರ್ ಆಯಿತು. ನಡುವಿನ ಎರಡು ಸೈಜಿನಲ್ಲಿ ಒಂದೊಂದು ಹೆಚ್ಚುವರಿ ಹೊಲಿಸಿ, ಒಟ್ಟು 70 ಮೀಟರ್ ತನ್ನಿ. ಒಂದೇ ಲಾಟಿನ ಥಾನುಗಳಾಗಿರಲಿ. ಬಿಳಿಯಲ್ಲೂ ಬಿಳಿ ಬೇರೆ ಬೇರೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಕಂಡದ್ದು ರಂಗದ ದೀಪಕ್ಕೆ ಒಂದು ನೀಲಿಯಾಗಿ, ಇನ್ನೊಂದು ಹಳದಿಯಾಗಿ ಹೊಳೆಯುತ್ತದೆ. ಕತ್ತರಿಸುವ ಮುನ್ನ ನೆನೆಸಿ ಒಣಗಿಸಿ.

ಸೊಂಟದ ಹಗ್ಗ ಹತ್ತಿಯದು, 8 ಮಿ.ಮೀ. ದಪ್ಪ, ಹುಡುಗನಿಗೆ 2.75 ಮೀಟರ್. ಎರಡು ಮಡಿಸಿ ಸುತ್ತಿ, ಕುಣಿಕೆಯೊಳಗಿಂದ ತುದಿ ತೂರಿಸಿ ಎಡಕ್ಕೆ ಇಳಿಬಿಡುವುದು. ಎರಡೂ ಪಕ್ಕದ ಹೊಲಿಗೆಯಲ್ಲಿ ದಾರದ ಕುಣಿಕೆ ಇಟ್ಟರೆ ಹಗ್ಗ ಜಾರದು.

ಉಳಿ_ಕೊಡತಿ

ಶಿಲುಬೆಯ ಬಗ್ಗೆ ಯಾರೂ ಹೇಳಿಲ್ಲ, ಆದರೆ ಆ ಉಡುಪಿನಲ್ಲಿ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ರಂಗಕ್ಕೆ 10 ಸೆಂ.ಮೀ. ಉದ್ದ, 6.5 ಅಡ್ಡ, ಪಟ್ಟಿ 1.6 ಅಗಲ, 8 ಮಿ.ಮೀ. ದಪ್ಪ ಸರಿಹೊಂದುತ್ತದೆ. ಅಡ್ಡಪಟ್ಟಿಯ ನಡುಗೆರೆ ಮೇಲಿನಿಂದ 3.3 ಸೆಂ.ಮೀ. ಎರಡೂ ತುಂಡಿನಲ್ಲಿ 4 ಮಿ.ಮೀ. ಕಚ್ಚು ತೆಗೆದು ಒಂದರೊಳಗೊಂದು ಕೂರಿಸಿ. ಮೇಲಿಂದ ಮೇಲೆ ಅಂಟಿಸಿ ಮೊಳೆ ಹೊಡೆದದ್ದು ಎರಡು ಸಲ ಕೆಳಗೆ ಬಿದ್ದರೆ ಬಿಟ್ಟುಕೊಳ್ಳುತ್ತದೆ, ಮೊಳೆ ತುದಿ ಬಟ್ಟೆ ಹರಿಯುತ್ತದೆ. ಅಂಚು, ಮೂಲೆಗಳನ್ನೆಲ್ಲ ದುಂಡು ಮಾಡಿ.

ಮರದ ಆಯ್ಕೆಯಲ್ಲಿ ತಪ್ಪಿದರೆ 24 ನಿಲುವಂಗಿಯೂ ಹಾಳು. ತೇಗದಲ್ಲಿ ಎಣ್ಣೆ ಇದೆ, ಬೆವರಿಗೆ ಬಿಳಿಯ ಮೇಲೆ ಕಲೆ ಬೀಳುತ್ತದೆ. ಹೊನ್ನೆಯಂತೂ ಬೇಡವೇ ಬೇಡ. ಅದರ ಲೋಟದಲ್ಲಿ ನೀರಿಟ್ಟರೆ ನೀರಿಗೇ ಬಣ್ಣ ಬರುತ್ತದೆ, ಬಟ್ಟೆ ಬಿಟ್ಟೀತೇ? ಬೀಚ್ ಅಥವಾ ಸಿಲ್ವರ್ ಓಕ್ ತನ್ನಿ. 120, 220, 320 ನಂಬರಿನ ಉಪ್ಪುಕಾಗದದಲ್ಲಿ ಸಾಲಾಗಿ ಉಜ್ಜಿ, ಕಂದು ಬಣ್ಣ ಬೇಕಿದ್ದರೆ ತೆಳ್ಳಗೆ ಹಾಕಿ ಒಣಗಿಸಿ, ಮೇಲೆ ಸೀಲರ್ ಎರಡು ಕೈ, ಎರಡು ದಿನ ಬಿಟ್ಟು ಮೇಣ. ಹಿಂಬದಿಗೂ ಹಚ್ಚಬೇಕು, ಬಟ್ಟೆಗೆ ಉಜ್ಜುವುದು ಅದೇ. ಒದ್ದೆ ಬಿಳಿ ಚಿಂದಿಯಲ್ಲಿ ಗಟ್ಟಿಯಾಗಿ ಒರೆಸಿ ನೋಡಿ, ಬಣ್ಣ ಬಂದರೆ ಇನ್ನೊಂದು ಕೈ ಸೀಲರ್. ಹೊಳಪು ವಾರ್ನಿಶ್ ಹಾಕಿದರೆ ದೀಪಕ್ಕೆ ಮಿಂಚಿ ಪ್ಲಾಸ್ಟಿಕ್ ಹಾಗೆ ಕಾಣುತ್ತದೆ.

ತೂತು ಎಲ್ಲಿ ಕೊರೆಯುತ್ತೀರಿ ಎಂಬುದೂ ಮುಖ್ಯ. ಮುಂದಿನಿಂದ ಹಿಂದಕ್ಕೆ ಕೊರೆದರೆ ದಾರ ತಿರುಚಿ ಶಿಲುಬೆ ಮಗುಚುತ್ತದೆ, ಅರ್ಧ ಜನರದ್ದು ಪಕ್ಕಕ್ಕೆ ತಿರುಗಿರುತ್ತದೆ. ತಲೆಯ ಪಟ್ಟಿಯಲ್ಲಿ ಎಡ ಅಂಚಿನಿಂದ ಬಲ ಅಂಚಿಗೆ 3.5 ಮಿ.ಮೀ. ಕೊರೆಯಿರಿ, 3 ಮಿ.ಮೀ. ಕಂದು ಹತ್ತಿ ಹುರಿ ಅಡ್ಡಲಾಗಿ ಹಾಯಲಿ. ಚಪ್ಪಟೆಯಾಗಿ ಕೂರುತ್ತದೆ. ಹುರಿಯ ಸುತ್ತು 70ರಿಂದ 75 ಸೆಂ.ಮೀ.; ಶಿಲುಬೆಯ ಬುಡ ಸೊಂಟದ ಹಗ್ಗಕ್ಕಿಂತ ನಾಲ್ಕು ಬೆರಳು ಮೇಲೆ ನಿಲ್ಲಬೇಕು. ಕತ್ತಿನ ಹಿಂದೆ ಗಂಟು ಹಾಕದೆ ಎಳೆದರೆ ಬಿಟ್ಟುಕೊಳ್ಳುವ ಕೊಂಡಿ ಇಡಿ. ಹುಡುಗರು ಆಟಕ್ಕೆ ಒಬ್ಬರನ್ನೊಬ್ಬರು ಎಳೆಯದೇ ಇರುವುದಿಲ್ಲ, ನೈಲಾನ್ ಹುರಿಯಾದರೆ ಕತ್ತು ಕೊಯ್ಯುತ್ತದೆ.

ನೇಪಥ್ಯ_ಮೈಸೂರು

ತುಂಬಾ ಉಪಕಾರ. ನೆರಿಗೆಪಟ್ಟಿ ಕೈಬಿಟ್ಟಾಯಿತು. ಆದರೆ ಕ್ರಿಸ್ಮಸ್ ಪೂಜೆಯ ದೃಶ್ಯದಲ್ಲಿ ಬಲಿಪೀಠದ ಪಕ್ಕ ನಾಲ್ವರು ಸೇವೆಯ ಹುಡುಗರು ಬೇಕು ಅನ್ನುತ್ತಿದ್ದಾರೆ, ಅವರಿಗೆ ಕೆಂಪು ಹೊಲಿಸುತ್ತೇನೆ. ಕೆಂಪು ಬಣ್ಣ ಬಿಳಿಗೆ ಹತ್ತುವ ಭಯವಿದೆ. ಟೆರಿಕಾಟನ್ ಸೆಖೆ ಆಗುವುದಿಲ್ಲವೇ? ನಾಲ್ಕು ನಿಮಿಷದ ಬದಲಾವಣೆಗೂ ಉಪಾಯ ಹೇಳಿ.

ಸೈಡ್‌ವಿಂಗ್_ಅಕ್ಕ

ನೋಡಪ್ಪಾ, ನಾಲ್ಕು ನಿಮಿಷದಲ್ಲಿ ಬಟ್ಟೆ ಹಾಕಿಸೋಕೆ ಆಗಲ್ಲ, ಬಿಚ್ಚಿಸೋಕೆ ಆಗುತ್ತೆ. ಎರಡನೇ ಉಡುಪು ಪೂರ್ತಿ ಒಳಗೆ ಹಾಕಿರಲೇಬೇಕು: ಅಂಗಿ, ಚಡ್ಡಿ, ಸಾಕ್ಸ್, ಶೂ. ಅಂಗಿಯ ಕಾಲರ್ ಮಾತ್ರ ಒಳಕ್ಕೆ ಮಡಚಿ, ಮೇಲಿನ ಗುಂಡಿ ಬಿಚ್ಚಿಡಿ. ಮೇಲೆ ಹೇಳಿದ 2 ಸೆಂ.ಮೀ. ಕತ್ತುಪಟ್ಟಿ ಅದನ್ನ ಮುಚ್ಚುತ್ತೆ. ಸ್ವೆಟರ್ ಒಳಗೆ ಹಾಕಿಸೋ ಯೋಚನೆ ಬೇಡ, ದೀಪದ ಕೆಳಗೆ ಮಕ್ಕಳು ಬೇಯ್ತಾರೆ.

ಬಿಚ್ಚೋ ಕ್ರಮ ತಪ್ಪಬಾರದು. ಮೊದಲು ಶಿಲುಬೆ, ಆಮೇಲೆ ಹಗ್ಗ, ಆಮೇಲೆ ಹಿಂದಿನ ಟಿಚ್‌ಗುಂಡಿ, ಕೊನೆಗೆ ನಿಲುವಂಗಿ ತಲೆ ಮೇಲಿಂದ. ಶಿಲುಬೆ ಇರೋವಾಗಲೇ ನಿಲುವಂಗಿ ಎತ್ತಿದರೆ ಹುರಿ ಕಿವಿಗೆ ಸಿಕ್ಕಿ ಮಗು ಒಳಗೇ ಉಳಿಯುತ್ತೆ. ಆರು ಜನ ಸಹಾಯಕರು, ಒಬ್ಬೊಬ್ಬರಿಗೆ ನಾಲ್ಕು ಮಕ್ಕಳು. 1ರಿಂದ 24 ನಂಬರ್ ಬರೆದ ಹಲಗೆಗೆ ಕೊಕ್ಕೆ ಹೊಡೆದು ಶಿಲುಬೆ ಅಲ್ಲಿಗೆ, ಅದೇ ನಂಬರಿನ ಹ್ಯಾಂಗರಿಗೆ ನಿಲುವಂಗಿ. ನಿಲುವಂಗಿ ಕತ್ತುಪಟ್ಟಿ ಒಳಗೂ ಅದೇ ನಂಬರು, ತೊಳೆದರೂ ಹೋಗದ ಟೇಪಲ್ಲಿ. ನಿಲ್ಲೋ ಸಾಲಿನ ಕ್ರಮದಲ್ಲೇ ನಂಬರ್ ಕೊಡಿ, ಹೆಸರಿನ ಕ್ರಮದಲ್ಲಿ ಬೇಡ. ಸಾಲಾಗಿ ಒಳಗೆ ಬಂದವರು ಸಾಲಾಗೇ ಹೊರಗೆ ಹೋಗ್ತಾರೆ.

ಕಡುನೀಲಿ ಕಾಣೋ ವಿಚಾರ. ಹಿಂದಿನಿಂದ ದೀಪ ಬಿದ್ದರೆ 200 ಗ್ರಾಂ ಬಟ್ಟೆಯಲ್ಲೂ ಕಾಲಿನ ನೆರಳು ಕಾಣುತ್ತೆ. ಒಂದು ಹೊಲಿಸಿದ ತಕ್ಷಣ ಒಬ್ಬ ಹುಡುಗನಿಗೆ ಹಾಕಿಸಿ, ಹಿಂದೆ ದೀಪ ಇಟ್ಟು ನೋಡಿ, ಉಳಿದ 23 ಆಮೇಲೆ ಕತ್ತರಿಸಿ. ಕಂಡರೆ ಸೊಂಟದಿಂದ ಮೊಣಕಾಲವರೆಗೆ ಬಿಳಿ ಲೈನಿಂಗ್ ಒಂದು ಪದರ ಜೋತುಬಿಡಿ, ಮೇಲ್ಗಡೆ ಮಾತ್ರ ಹೊಲಿದು ಕೆಳಗೆ ಬಿಡಬೇಕು. ಎರಡೂ ಕಡೆ ಹೊಲಿದರೆ ಒಗೆದಾಗ ಒಂದು ಕುಗ್ಗಿ ಇನ್ನೊಂದು ಉಬ್ಬಿ ನಿಲ್ಲುತ್ತೆ. ಹಾಗೇ ದೀಪದವರ ಹತ್ತಿರ ಮಾತಾಡಿ ಹಿಂದೀಪ ಮೇಲಕ್ಕೆ ಎತ್ತಿಸಿ, ಅದು ಬಿಟ್ಟಿ ಪರಿಹಾರ.

ಕತ್ತರಿಯವರ ಟೆರಿಕಾಟನ್ ಬಗ್ಗೆ ನನ್ನ ತಕರಾರು ಇದೆ. ಮುಂದಿನ ಸಾಲಿನ ಚಿಕ್ಕವರಿಗೆ ಬೆವರು ಹೀರೋ ಬಟ್ಟೆ ಬೇಕು. ನಡುರಾತ್ರಿ ಪೂಜೆಯ ದೃಶ್ಯದಲ್ಲಿ ಎಷ್ಟು ಹೊತ್ತು ಅಲ್ಲಾಡದೆ ನಿಲ್ಲಿಸ್ತೀರಿ? ಮಕ್ಕಳು ತಲೆಸುತ್ತಿ ಬೀಳೋದು ಬಟ್ಟೆಯಿಂದ ಮಾತ್ರ ಅಲ್ಲ, ಮೊಣಕಾಲು ಬಿಗಿಹಿಡಿದು ನಿಲ್ಲೋದರಿಂದ ರಕ್ತ ಕಾಲಲ್ಲೇ ನಿಂತುಬಿಡುತ್ತೆ. ಬಿಗಿ ಕತ್ತುಪಟ್ಟಿ, ಸೆಖೆ ಸೇರಿದರೆ ಮುಗೀತು. ಕತ್ತಿಗೂ ಪಟ್ಟಿಗೂ ನಡುವೆ ಎರಡು ಬೆರಳು ಹೋಗಬೇಕು. ಒಳಗಿನ ಅಂಗಿ ಶುದ್ಧ ಹತ್ತಿ. ಹಾಡಿನ ನಡುವೆ ಮೊಣಕಾಲು ಸಡಿಲ ಮಾಡೋದನ್ನ ತಾಲೀಮಲ್ಲೇ ರೂಢಿ ಮಾಡಿಸಿ. ಅಂಚಿನಲ್ಲಿ ನಿಂತವರಿಗಿಂತ ಹಿಂದಿನ ಸಾಲಿನ ನಡುವಲ್ಲಿ ನಿಂತವರ ಮೇಲೆ ಕಣ್ಣಿಡಿ. ಬಿಸಿ ಗಾಳಿ ಅಲ್ಲೇ ನಿಲ್ಲೋದು, ಬಿದ್ದರೆ ಮೆಟ್ಟಿಲಿಂದ ಬೀಳ್ತಾರೆ.

ಚಡ್ಡಿ ವಿಷಯಕ್ಕೆ ದರ್ಜಿಗೆ ಚಿತ್ರ ತೋರಿಸಲೇಬೇಕು. ನಮ್ಮಲ್ಲಿ ಚಡ್ಡಿ ಅಂದ ತಕ್ಷಣ ಅಗಲ ಬಾಯಿಯ, ಮೊಣಕಾಲು ಮುಟ್ಟೋ ಖಾಕಿ ಚಡ್ಡಿ ಹೊಲಿದುಬಿಡ್ತಾರೆ. ಆ ಕಾಲದ ಫ್ರೆಂಚ್ ಚಡ್ಡಿ ಬೇರೆ: ಗಿಡ್ಡ, ಕಾಲಿಗೆ ಹತ್ತಿರ. ಮೊಣಕಾಲ ಚಿಪ್ಪಿಗಿಂತ 12ರಿಂದ 15 ಸೆಂ.ಮೀ. ಮೇಲೆ, ಬಾಯಿ ಸುತ್ತಳತೆ ತೊಡೆಗಿಂತ 8 ಸೆಂ.ಮೀ. ಮಾತ್ರ ಹೆಚ್ಚು. ಸೂಟಿಂಗ್ ಬಟ್ಟೆ, ಒಳಗೆ ಲೈನಿಂಗ್, ಹಿಂದಿನ ನಡುಹೊಲಿಗೆಯಲ್ಲಿ 4 ಸೆಂ.ಮೀ. ಬಿಟ್ಟಿರಿ, ಸೊಂಟ ಬೆಳೆದಾಗ ಬೇಕಾಗುತ್ತೆ. ಸಾಕ್ಸ್ ಮೇಲೆ 5 ಸೆಂ.ಮೀ. ಮಡಿಕೆ, ಮಡಿಕೆ ಒಳಗೆ 2 ಸೆಂ.ಮೀ. ಅಗಲದ ಎಲಾಸ್ಟಿಕ್. ಇಲ್ಲಾಂದ್ರೆ ಎರಡನೇ ಹಾಡಿಗೆ ಅರ್ಧ ಜನರ ಸಾಕ್ಸ್ ಪಾದದ ಹತ್ತಿರ ಇರುತ್ತೆ. ಶೂ ಕಪ್ಪು, ಅಟ್ಟೆ ರಬ್ಬರಿಂದು; ತೊಗಲಿನ ಅಟ್ಟೆ ಮರದ ಹಲಗೆ ಮೇಲೆ ಟಕ್ ಟಕ್ ಅಂದು ಮೆಲುದನಿಯ ಹಾಡನ್ನ ತಿಂದುಹಾಕುತ್ತೆ.

ಕತ್ತರಿ_ಟೇಪು

ಅಕ್ಕ, ಶುದ್ಧ ಹತ್ತಿಯ ನಿಲುವಂಗಿ ಮೊದಲ ಸಾಲಿಗೆ ಹಾಕಿಸಿ ಹಿಂದಿನ ಸಾಲಿಗೆ ಟೆರಿಕಾಟನ್ ಹಾಕಿಸಿದರೆ ಎರಡು ಬಿಳಿ ಆಗುತ್ತದೆ. ಎಲ್ಲರಿಗೂ ಹತ್ತಿ ಎಂದರೆ 24 ನಿಲುವಂಗಿಯ 288 ನೆರಿಗೆಗೆ ಪ್ರತಿ ಪ್ರದರ್ಶನಕ್ಕೂ ಇಸ್ತ್ರಿ. ಇಸ್ತ್ರಿಗೆ ಆಳು ಇದ್ದರೆ ಹತ್ತಿಯೇ ಮೇಲು, ಬೀಳುವ ಚೆಂದವೂ ಹತ್ತಿಯದ್ದೇ. ಇಲ್ಲದಿದ್ದರೆ ಟೆರಿಕಾಟನ್ ಹಾಕಿಸಿ, ಕಂಕುಳ ಕೆಳಗೆ ತೋಳಿನ ಹೊಲಿಗೆಯನ್ನು 6 ಸೆಂ.ಮೀ. ಬಿಟ್ಟು ಗಾಳಿಗೆ ಕಿಂಡಿ ಇಡಿ, ಹೊರಗೆ ಕಾಣುವುದಿಲ್ಲ.

ಸೇವೆಯ ನಾಲ್ವರ ಕೆಂಪು ನಿಲುವಂಗಿಗೆ ಪಾಲಿಯೆಸ್ಟರ್ ತೆಗೆದುಕೊಳ್ಳಿ. ಬೆವರಿಗೂ ನೀರಿಗೂ ಅದರ ಬಣ್ಣ ಬಿಡುವುದು ಕಡಿಮೆ. ಕೆಂಪು ಹತ್ತಿಯ ಬಟ್ಟೆಯಾದರೆ ಕಂಕುಳಲ್ಲಿ ಮೇಲಂಗಿ ಗುಲಾಬಿಯಾಗುವುದು ಖಂಡಿತ, ಉಪ್ಪುನೀರಲ್ಲಿ ನೆನೆಸಿದರೂ ನಿಲ್ಲುವುದಿಲ್ಲ. ಕೊಳ್ಳುವ ಮೊದಲು ಚೂರನ್ನು ಒದ್ದೆ ಮಾಡಿ ಬಿಳಿ ಬಟ್ಟೆ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ ನೋಡಿ. 138ಕ್ಕೆ 2.5 ಮೀಟರ್. ಮುಂದಿನ ಉದ್ದ ಸಾಲಿನ ಗುಂಡಿಗಳನ್ನು ಕಾಜಾ ಇಲ್ಲದೆ ಮೇಲೆ ಹೊಲಿದು, ಒಳಗೆ ಜಿಪ್ ಇಡಿ; ಹುಡುಗರ ಕೈಯಲ್ಲಿ ಅಷ್ಟು ಗುಂಡಿ ಹಾಕಿಸುತ್ತಾ ಕೂತರೆ ಪೂಜೆ ಮುಗಿದಿರುತ್ತದೆ.

ಮೇಲಂಗಿ ತೊಡೆಯ ನಡುವಿನವರೆಗೆ, ಬಟ್ಟೆ 1.5 ಮೀಟರ್, ತೆಳು ಹತ್ತಿ. ಕೆಳಗಿನ ಸುತ್ತು 1.8 ಮೀಟರ್, ತೋಳಿನ ಬಾಯಿ 55 ಸೆಂ.ಮೀ.; ಲೇಸು ಚಪ್ಪಟೆಯಾಗಿ ಹೊಲಿದರೆ ಒಟ್ಟು 3 ಮೀಟರ್ ಸಾಕು. ಕಾಟನ್ ಲೇಸು ಇರಲಿ. ನೈಲಾನ್ ಲೇಸಿನ ಹೊಳಪು ಬೇರೆ, ಅದಕ್ಕೆ ಬಿಸಿ ಇಸ್ತ್ರಿಯೂ ಆಗದು.

ಒಗೆಯುವಾಗ ಕ್ಲೋರಿನ್ ಬ್ಲೀಚ್ ದೂರವಿಡಿ; ಕತ್ತುಪಟ್ಟಿ ಹಳದಿ ತಿರುಗಿದರೆ 40 ಡಿಗ್ರಿ ನೀರಿನಲ್ಲಿ ಆಮ್ಲಜನಕದ ಬ್ಲೀಚ್ ಪುಡಿ ಹಾಕಿ ಒಂದು ಗಂಟೆ ನೆನೆಸಿ. ಬಕೆಟ್ಟಿಗೆ ನೀಲಿ ಹಾಕಲೇಬೇಡಿ. ಒಂದೊಂದು ಬಕೆಟ್ಟಿನ ನೀಲಿ ಒಂದೊಂದು ಥರ ಕೂರುತ್ತದೆ, ಒಂದೇ ಲಾಟಿನ ಬಟ್ಟೆ ತಂದದ್ದು ವ್ಯರ್ಥ.

ಹಳೇ_ಫೋಟೋ

ಕೆಂಪು ಯಾವ ಛಾಯೆ ಎಂದು ದರ್ಜಿ ಕೇಳಿಯೇ ಕೇಳುತ್ತಾನೆ. ಪ್ಯಾರಿಸಿನ ಒರಾಂಜರಿ ಸಂಗ್ರಹಾಲಯದಲ್ಲಿ ಶೈಮ್ ಸೂತೀನ್ 1920ರ ದಶಕದಲ್ಲಿ ಬಿಡಿಸಿದ ಸೇವೆಯ ಹುಡುಗನ ಚಿತ್ರವಿದೆ. ಆಕಾರ ಸೊಟ್ಟಗಿದ್ದರೂ ಬಣ್ಣಕ್ಕೆ ಅದು ಒಳ್ಳೆಯ ದಾರಿ: ಉರಿಯುವ ಕೆಂಪು, ತೆಳು ಬಿಳಿಯ ಒಳಗಿಂದ ಅದೇ ಕೆಂಪು ಇಣುಕುತ್ತದೆ. ಬಿಳಿ ನಿಲುವಂಗಿಗೆ ಪಾರದರ್ಶಕತೆ ದೋಷ, ಮೇಲಂಗಿಗೆ ಅದೇ ಲಕ್ಷಣ. ಮೇಲಂಗಿಗೆ ಲೈನಿಂಗ್ ಹಾಕಿಸಿಬಿಡಬೇಡಿ. ಮರೂನ್ ಹತ್ತಿರಕ್ಕೂ ಹೋಗಬೇಡಿ.

ಕಾಯರ್ ನಡೆಸುವ ಪಾದ್ರಿಯ ಪಾತ್ರವಿದ್ದರೆ ಅವರಿಗೆ ಕಾಲ್ಮುಟ್ಟ ಕಪ್ಪು ನಿಲುವಂಗಿ, ಬೀದಿಯ ದೃಶ್ಯದಲ್ಲೂ ಅದೇ. ಕೋಟು ಪ್ಯಾಂಟಿನ ಪಾದ್ರಿ ಫ್ರಾನ್ಸಿನ ಬೀದಿಯಲ್ಲಿ ಬಂದದ್ದು 1962ರಲ್ಲಿ ಅನುಮತಿ ಸಿಕ್ಕ ಮೇಲೆ. ಪೂಜೆಯೂ, ಅದರ ರೀತಿ ಬದಲಾಗಲು ಕಾರಣವಾದ ಎರಡನೇ ವ್ಯಾಟಿಕನ್ ಮಹಾಸಭೆಗಿಂತ (1962–65) ಹಿಂದಿನದು, ಹಾಗಾಗಿ ಲ್ಯಾಟಿನ್, ಪಾದ್ರಿಯ ಮುಖ ಬಲಿಪೀಠದ ಕಡೆಗೆ. ನೋಡುಗರಿಗೆ ಅವರ ಉಡುಪಿನ ಬೆನ್ನೇ ಕಾಣುವುದು, ಅಲಂಕಾರದ ಖರ್ಚು ಬೆನ್ನಿಗೆ ಮಾಡಿ.

ಹುಡುಗರು ಊರಿಂದೂರಿಗೆ ಹೊರಡುವ ದೃಶ್ಯವಿದ್ದರೆ ಕಡುನೀಲಿ ‘ಬೆರೆ’, ಅಂದರೆ ಚಪ್ಪಟೆ ದುಂಡು ಟೋಪಿ ಸಾಕು. 14 ವರ್ಷದವರಿಗೂ ಚಡ್ಡಿಯೇ, ಚಳಿಗಾಲವಾದರೂ. ಆ ಕಾಲದ ಫ್ರಾನ್ಸಿನಲ್ಲಿ ಅದು ಸಾಮಾನ್ಯ. ದೊಡ್ಡ ಹುಡುಗರು ಉದ್ದ ಪ್ಯಾಂಟ್ ಬೇಕೆಂದು ಹಟ ಹಿಡಿದರೆ ಅವರನ್ನು ಒಡೆದ ದನಿಯವರ ಸಾಲಿಗೆ, ಅಂದರೆ ಟೆನರ್ ಕಡೆಗೆ ಹಿಂದೆ ನಿಲ್ಲಿಸಿ ಕಡುನೀಲಿ ಪ್ಯಾಂಟ್ ಕೊಡಿ. ನಿಲುವಂಗಿ ಮತ್ತು ಶಿಲುಬೆ ಮಾತ್ರ ಎಲ್ಲರಿಗೂ ಒಂದೇ.